ಕೇಕಿನೊಳಗಿನ ಬಿಳಿ ಕೊಬ್ಬು

ಮನೆಯ ಕೇಕ್ ಮೂರೇ ದಿನಕ್ಕೆ ಒಣಗುತ್ತದೆ. ಅಂಗಡಿಯದು ಪೊಟ್ಟಣದಲ್ಲಿ ವಾರಗಟ್ಟಲೆ ಮೆತ್ತಗಿರುತ್ತದಲ್ಲ, ಹೇಗೆ? ಉತ್ತರದ ಒಂದು ಪಾಲು ಅದರ ಕೊಬ್ಬಿನಲ್ಲಿದೆ. ಆ ಕಥೆ ಮುಂಬೈಯನ್ನೂ ಹಾದುಬರುತ್ತದೆ.

ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದವರು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. 1930ರ ದಶಕದಲ್ಲಿ ಮುಂಬೈಯ ಶಿವಡಿಯ ಕಾರ್ಖಾನೆಯಲ್ಲಿ ವನಸ್ಪತಿ ತಯಾರಾಗತೊಡಗಿತು. 1937ರಲ್ಲಿ ಡಾಲ್ಡಾ ಬಂತು. ಖಾಲಿಯಾದ ಆ ಹಳದಿ ಡಬ್ಬದಲ್ಲಿ ತುಳಸಿ ನೆಟ್ಟ ಮನೆಗಳು ನಿಮಗೂ ನೆನಪಿರಬೇಕು! ಬೆಣ್ಣೆಗಿಂತ ಅಗ್ಗ, ಬೇಗ ಕೆಡದು, ಕಲಸಿದರೆ ಗಾಳಿ ಹಿಡಿದಿಡುತ್ತದೆ. ಬೇಕರಿಯವರು ಬಿಟ್ಟಾರೆಯೇ?

ಆದರೆ ಅರೆಬರೆ ಗಟ್ಟಿ ಮಾಡಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲೇ ನೆದರ್ಲೆಂಡ್ಸ್‌ನ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ಅದರ ಮಿತಿ ಒಟ್ಟು ಕೊಬ್ಬಿನ ಶೇ. 2ಕ್ಕೆ ಇಳಿದದ್ದು 2022ರ ಜನವರಿಯಲ್ಲಿ. ಬಹಳ ತಡವಾಯಿತೆಂದೇ ನನ್ನ ಅನಿಸಿಕೆ.

ಪೊಟ್ಟಣದ ಮೇಲಿನ ಅಂಕಿಗಳಿಗೆ ಗಾಬರಿ ಬೇಡ. 471 ಎಣ್ಣೆ-ನೀರು ಬೆರೆಸಿ ಮೆದುತನ ಕಾಯುತ್ತದೆ, 202 ಬೂಷ್ಟು ತಡೆಯುತ್ತದೆ, ಎರಡಕ್ಕೂ ಅನುಮತಿಯಿದೆ. ನೀವು ಮೊದಲು ಹುಡುಕಬೇಕಾದ್ದು ಟ್ರಾನ್ಸ್ ಕೊಬ್ಬಿನ ಸಾಲನ್ನು. ತೂಕಕ್ಕೆ ಕತ್ತರಿಸಿ ಕೊಡುವ ಕೇಕಿನಲ್ಲಿ ಆ ಚೀಟಿಯೇ ಇರದಿದ್ದರೆ, ಯಾವ ಕೊಬ್ಬು ಹಾಕಿದ್ದೀರಿ ಎಂದು ಅಂಗಡಿಯವರನ್ನೇ ಕೇಳಿಬಿಡಿ.