ಸ್ವಲೀನತೆಯ ಬಗೆಗಳು: ವರ್ಗೀಕರಣದ ಚರಿತ್ರೆ

ಸ್ವಲೀನತೆ ಅಥವಾ ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಎಳವೆಯಲ್ಲೇ ತೋರುವ ಸ್ಥಿತಿ. ಇತರರೊಡನೆ ಬೆರೆಯುವುದರಲ್ಲಿ, ಮಾತು ಮತ್ತು ಸನ್ನೆಗಳಲ್ಲಿ ತೊಡಕು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು, ಸದ್ದು ಬೆಳಕು ಸ್ಪರ್ಶಗಳನ್ನು ಸಹಿಸಲಾರದಿರುವುದು ಇದರ ಮುಖ್ಯ ಲಕ್ಷಣಗಳು. ಇದರಲ್ಲಿ ಎಷ್ಟು ಬಗೆ ಎಂಬ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

1911ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 'ಆಟಿಸಂ' ಎಂದದ್ದು ಸ್ಕಿಜೋಫ್ರೀನಿಯಾದ ಒಂದು ಲಕ್ಷಣವನ್ನು. ಮಾಸ್ಕೋದ ಮಕ್ಕಳ ಮನೋವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲೇ ಇಂದು ಸ್ವಲೀನತೆ ಎನ್ನುವ ಲಕ್ಷಣಗಳಿದ್ದ ಆರು ಹುಡುಗರನ್ನು ಸೂಕ್ಷ್ಮವಾಗಿ ವರ್ಣಿಸಿದ್ದರು. ಅವರಿಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆಯೂ, ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ನಾಲ್ವರು ಹುಡುಗರ ಬಗ್ಗೆಯೂ ಬರೆದರು. ಆಸ್ಪರ್ಗರ್ ನಾಜಿ ಆಡಳಿತಕ್ಕೆ ಸಹಕರಿಸಿ, ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಕೆಲವರನ್ನು ಕಳಿಸಿದ್ದರೆಂಬುದಕ್ಕೆ 2018ರಲ್ಲಿ ದಾಖಲೆಗಳು ಪ್ರಕಟವಾದವು.

ಈ ಚರಿತ್ರೆಯಲ್ಲಿ ಅನೇಕ ಮನೆಗಳನ್ನು ನೋಯಿಸಿದ್ದು 'ತಣ್ಣನೆಯ ತಾಯಿ' ಎಂಬ ವಾದ. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂದು ಅಮೆರಿಕದ ಬ್ರೂನೋ ಬೆಟಲ್‌ಹೈಮ್ 1967ರಲ್ಲೂ ಬರೆದರು. ಆಧಾರವಿಲ್ಲದ ಈ ಮಾತು ಸಾವಿರಾರು ತಾಯಂದಿರ ತಲೆಯ ಮೇಲೆ ಪಾಪದ ಹೊರೆಯಾಗಿ ಕೂತಿತು. ಸ್ವತಃ ಸ್ವಲೀನತೆಯ ಮಗನಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲಂಡ್ 1964ರಲ್ಲೇ ಇದನ್ನು ಅಲ್ಲಗಳೆದಿದ್ದರು. 1977ರಲ್ಲಿ ಸಂಶೋಧಕರಾದ ಫೋಲ್ಸ್ಟೈನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ಪರಿಶೀಲಿಸಿ ಆನುವಂಶೀಯತೆಯ ಪಾತ್ರವನ್ನು ತೋರಿಸಿದರು.

ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಕೂಡ ಸ್ವಲೀನತೆಯ ಮಗಳ ತಾಯಿ. ಜುಡಿತ್ ಗೌಲ್ಡ್ ಜೊತೆ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕ್ಯಾನರ್ ವರ್ಣಿಸಿದ ಲಕ್ಷಣಗಳ ಚೌಕಟ್ಟಿಗೆ ಹೊಂದದ ಅನೇಕ ಮಕ್ಕಳನ್ನು ಗುರುತಿಸಿದರು. ಒಂದರಲ್ಲೊಂದು ಬೆರೆತ ಬಣ್ಣಗಳ ಹಾಗೆ ಇದನ್ನು ಕಾಣಬೇಕೆಂಬ 'ಸ್ಪೆಕ್ಟ್ರಂ' ಕಲ್ಪನೆ ಬೆಳೆದದ್ದು ಅವರಿಂದ.

ಆದರೂ 1994ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿ ಡಿಎಸ್‌ಎಂ-4 ಐದು ಬಗೆಗಳನ್ನು ಪಟ್ಟಿ ಮಾಡಿತು: ಆಟಿಸ್ಟಿಕ್ ತೊಂದರೆ, ಆಸ್ಪರ್ಗರ್ ಸಿಂಡ್ರೋಮ್, ರೆಟ್ ಸಿಂಡ್ರೋಮ್, ಕಲಿತ ಮಾತು-ನಡವಳಿಕೆಗಳು ಅಳಿಸಿಹೋಗುವ ಬಾಲ್ಯದ ತೊಂದರೆ, ಮತ್ತು ಇವಾವುದಕ್ಕೂ ಸೇರದ ಉಳಿಕೆ. 1999ರಲ್ಲಿ ರೆಟ್‌ಗೆ ಕಾರಣವಾದ ಜೀನ್ ಸಿಕ್ಕಿತು. ಉಳಿದವುಗಳ ಗೆರೆ ಮಾತ್ರ ಮಸುಕಾಗಿಯೇ ಇತ್ತು. ಮಗುವಿಗೆ ಯಾವ ಹೆಸರು ಸಿಗುತ್ತದೆಂಬುದು ಅದು ಹೋದ ಕೇಂದ್ರವನ್ನೇ ಹೆಚ್ಚಾಗಿ ಅವಲಂಬಿಸಿದೆ ಎಂದು 12 ಕೇಂದ್ರಗಳ 2012ರ ಅಧ್ಯಯನ ಕಂಡುಕೊಂಡಿತು. 2013ರ ಡಿಎಸ್‌ಎಂ-5 ರೆಟ್ ಅನ್ನು ಕೈಬಿಟ್ಟು, ಉಳಿದವನ್ನು ಒಂದೇ ಹೆಸರಿನಡಿ ತಂದು, ಬೇಕಾಗುವ ನೆರವಿನ ಪ್ರಮಾಣಕ್ಕೆ ತಕ್ಕಂತೆ ಮೂರು ಹಂತಗಳನ್ನು ಇಟ್ಟಿತು.

ಕಾನೂನಿನ ಪಟ್ಟಿಗಳಲ್ಲೂ ಸ್ವಲೀನತೆಯ ಸ್ಥಾನ ಬದಲಾಗಿದೆ. ಭಾರತದ 1995ರ ಅಂಗವಿಕಲರ ಕಾಯ್ದೆಯ ಏಳು ವೈಕಲ್ಯಗಳಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಅದೂ ಒಂದು.