41 ಕೃತಿಗಳ ಎಲ್ಲೆ: ಕೇಂದ್ರೀಯ ಶಾಸ್ತ್ರೀಯ ತಮಿಳು ಸಂಸ್ಥೆಯ ಚರಿತ್ರೆಯ ಒಂದು ಓದು

ಭಾರತ ಸರ್ಕಾರವು 2004ರ ಅಕ್ಟೋಬರ್ 12ರಂದು ಹೊರಡಿಸಿದ ಅಧಿಸೂಚನೆಯು ಒಮ್ಮೆಗೇ ಎರಡು ಕೆಲಸಗಳನ್ನು ಮಾಡಿತು. ‘ಶಾಸ್ತ್ರೀಯ ಭಾಷೆ’ ಎಂಬ ಆಡಳಿತಾತ್ಮಕ ವರ್ಗವನ್ನು ಅದು ಹೊಸದಾಗಿ ಸೃಷ್ಟಿಸಿತು; ತಮಿಳನ್ನು ಆ ವರ್ಗದ ಮೊದಲ ಭಾಷೆಯೆಂದು ಘೋಷಿಸಿತು. ಚೆನ್ನೈನ ಕೇಂದ್ರೀಯ ಶಾಸ್ತ್ರೀಯ ತಮಿಳು ಸಂಸ್ಥೆಯ ಬಗೆಗೆ ಬರೆಯುವವರು ಸಾಮಾನ್ಯವಾಗಿ ಈ ದಿನಾಂಕವನ್ನು ದೀರ್ಘ ಹೋರಾಟವೊಂದರ ಗೆಲುವೆಂದು ದಾಖಲಿಸಿ ಮುಂದಕ್ಕೆ ಸಾಗುತ್ತಾರೆ. ನಾವು ಇಲ್ಲಿ ಬೇರೊಂದು ಪ್ರಶ್ನೆಯನ್ನು ಕೇಳಬಯಸುತ್ತೇವೆ. ಸರ್ಕಾರಿ ಕಡತದಲ್ಲಿ ರೂಪುಗೊಂಡ ಮಾನದಂಡವೊಂದು ಭಾಷಾಸಂಶೋಧನೆಯ ಕಾಲದ ಎಲ್ಲೆಯಾಗಿ, ಆ ಎಲ್ಲೆಯು ಮತ್ತೆ ಕೃತಿಗಳ ಪಟ್ಟಿಯಾಗಿ ನೆಲೆಗೊಂಡುದು ಹೇಗೆ?

ತಮಿಳಿಗೆ ಈ ಸ್ಥಾನ ಸಲ್ಲಬೇಕೆಂಬ ವಾದ ಹಳೆಯದು. ಪರಿದಿಮಾರ್ ಕಲೈಞರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ವಿ.ಗೋ. ಸೂರ್ಯನಾರಾಯಣ ಶಾಸ್ತ್ರಿಗಳು 1903ರಲ್ಲಿ ತೀರಿಕೊಳ್ಳುವ ಮುನ್ನವೇ ಅದನ್ನು ಮುಂದಿಟ್ಟಿದ್ದರು. ಆ ವಾದಕ್ಕೆ ಬೇಕಾದ ಪಠ್ಯಗಳೂ ಅಚ್ಚಿಗೆ ಬಂದುದು ಅದೇ ದಶಕಗಳಲ್ಲಿ. ಸಿ.ವೈ. ದಾಮೋದರಂ ಪಿಳ್ಳೆ ಅವರ ‘ಕಲಿತ್ತೊಗೈ’ 1887ರಲ್ಲಿ, ಉ.ವೇ. ಸ್ವಾಮಿನಾಥ ಅಯ್ಯರ್ ಅವರ ‘ಪತ್ತುಪ್ಪಾಟ್ಟು’ 1889ರಲ್ಲಿ, ‘ಶಿಲಪ್ಪದಿಕಾರಂ’ 1892ರಲ್ಲಿ, ‘ಪುರನಾನೂರು’ 1894ರಲ್ಲಿ, ‘ಮಣಿಮೇಖಲೈ’ 1898ರಲ್ಲಿ ಪ್ರಕಟವಾದವು. ಓಲೆಗರಿಗಳಲ್ಲಿ ಉಳಿದು ಕೆಲವೇ ಮನೆ ಮಠಗಳಿಗೆ ಸೀಮಿತವಾಗಿದ್ದ ಸಾಹಿತ್ಯವು ಒಂದು ತಲೆಮಾರಿನ ಅವಧಿಯಲ್ಲಿ ಎಲ್ಲರ ಕೈಗೆಟುಕಿತು. ಬರ್ಕ್ಲಿಯ ಜಾರ್ಜ್ ಹಾರ್ಟ್ ಅವರು 2000ದ ಏಪ್ರಿಲ್‌ನಲ್ಲಿ ತಮಿಳಿನ ಶಾಸ್ತ್ರೀಯತೆಯನ್ನು ಸಮರ್ಥಿಸಿ ಬರೆದ ಪತ್ರವು ಇದೇ ಪಠ್ಯರಾಶಿಯನ್ನು ಆಧರಿಸಿದೆ. ಸಂಸ್ಥೆಯ ನಿಜವಾದ ಪೂರ್ವಚರಿತ್ರೆಯು ಠರಾವುಗಳಿಗಿಂತ ಹೆಚ್ಚಾಗಿ ಈ ಸಂಪಾದನೆಗಳಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

2004ರ ಮಾನದಂಡವು ಸಾವಿರ ವರ್ಷಗಳಿಗೆ ಮೀರಿದ ಪ್ರಾಚೀನತೆಯನ್ನು ಅಪೇಕ್ಷಿಸಿತ್ತು. 2005ರ ನವೆಂಬರ್‌ನಲ್ಲಿ ಅದನ್ನು 1500ರಿಂದ 2000 ವರ್ಷಗಳಿಗೆ ಏರಿಸಲಾಯಿತು. ಶಾಸ್ತ್ರೀಯ ಭಾಷೆಯು ತನ್ನ ಆಧುನಿಕ ರೂಪದಿಂದ ಭಿನ್ನವಾಗಿದ್ದು, ಇವೆರಡರ ನಡುವೆ ವಿಚ್ಛಿನ್ನತೆಯೂ ಇರಬಹುದೆಂಬ ಮಾತು ಆಗಲೇ ಸೇರಿತು. ತಮಿಳಿನ ಮಟ್ಟಿಗೆ ಇದೊಂದು ವಿಚಿತ್ರ ಸನ್ನಿವೇಶ. ತಮಿಳು ವಿದ್ವಾಂಸರು ತಮ್ಮ ಭಾಷೆಯ ಹಿರಿಮೆಯನ್ನು ಮುಖ್ಯವಾಗಿ ಕಂಡಿರುವುದು ಅದರ ಅವಿಚ್ಛಿನ್ನತೆಯಲ್ಲಿ.

ಶಾಸ್ತ್ರೀಯ ತಮಿಳಿನ ಅಭಿವೃದ್ಧಿಗಾಗಿ ಕೇಂದ್ರ ಸರ್ಕಾರವು ರೂಪಿಸಿದ ಯೋಜನೆ ಮೊದಲು ಕಾರ್ಯಗತಗೊಂಡುದು ಮೈಸೂರಿನಲ್ಲಿ. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವು 2006ರಿಂದ ಅತ್ಯುನ್ನತ ಕೇಂದ್ರವೊಂದರ ಮೂಲಕ ಅದನ್ನು ನಿರ್ವಹಿಸಿತು. 2008ರ ಮೇ ತಿಂಗಳಲ್ಲಿ ಯೋಜನೆಯು ಚೆನ್ನೈಗೆ ಸ್ಥಳಾಂತರಗೊಂಡು ಸ್ವಾಯತ್ತ ಸಂಸ್ಥೆಯ ರೂಪ ಪಡೆಯಿತು. ಮೈಸೂರಿನ ಆ ಎರಡು ವರ್ಷಗಳು ಚಿಕ್ಕ ಅವಧಿಯಾದರೂ ಅವುಗಳ ಮುದ್ರೆ ಉಳಿದಿದೆ ಎನಿಸುತ್ತದೆ. ಸಂಸ್ಥೆಯು ಕೈಗೊಂಡ ಯೋಜನೆಗಳಲ್ಲಿ ಪ್ರಾಚೀನ ಕೃತಿಗಳ ಸಂಪಾದನೆ ಮತ್ತು ಅನುವಾದಗಳ ಜೊತೆಗೆ ತಮಿಳಿನ ಐತಿಹಾಸಿಕ ವ್ಯಾಕರಣ, ಉಪಭಾಷೆಗಳ ಏಕಕಾಲಿಕ ಹಾಗೂ ಬಹುಕಾಲಿಕ ಅಧ್ಯಯನ, ಪಠ್ಯಕೋಶ ನಿರ್ಮಾಣಗಳೂ ಇವೆ. ‘ಭಾಷಿಕ ವಲಯವಾಗಿ ಭಾರತ’ ಎಂಬ ಯೋಜನೆಯ ಹೆಸರಂತೂ ಎಮೆನೊ ಅವರ 1956ರ ಪ್ರಬಂಧವನ್ನು ನೇರವಾಗಿ ನೆನಪಿಸುತ್ತದೆ. ಸಾಹಿತ್ಯ ಪರಿಷತ್ತೊಂದು ತಾನಾಗಿ ಇಂಥ ಪಟ್ಟಿಯನ್ನು ಮಾಡುತ್ತಿರಲಿಲ್ಲ. 2010ರ ಜೂನ್‌ನಲ್ಲಿ ಕೊಯಮತ್ತೂರಿನಲ್ಲಿ ನಡೆದ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ, ಅಲ್ಲಿ ಅಸ್ಕೊ ಪರ್ಪೊಲಾ ಅವರಿಗೆ ಸಂದ ಪ್ರಶಸ್ತಿ, 2022ರ ಜನವರಿಯಲ್ಲಿ ಉದ್ಘಾಟನೆಯಾದ ಪೆರುಂಬಾಕ್ಕಂನ ಕಟ್ಟಡ: ಇವು ಸಂಸ್ಥೆಯ ಸಾರ್ವಜನಿಕ ಚರಿತ್ರೆ.

ಸಂಸ್ಥೆಯ ಅಧ್ಯಯನದ ಕಾಲ ಕ್ರಿ.ಶ. 600ಕ್ಕೆ ನಿಲ್ಲುತ್ತದೆ. ಆ ಎಲ್ಲೆಯೊಳಗಿನವೆಂದು ಪರಿಗಣಿಸಲಾದ ಕೃತಿಗಳು 41. ‘ತೊಲ್ಕಾಪ್ಪಿಯಂ’ ಒಂದು, ‘ಎಟ್ಟುತ್ತೊಗೈ’ಯ ಎಂಟು ಸಂಕಲನಗಳು, ‘ಪತ್ತುಪ್ಪಾಟ್ಟು’ವಿನ ಹತ್ತು ಕವಿತೆಗಳು, ‘ಪದಿನೆಣ್‌ಕೀಳ್‌ಕಣಕ್ಕು’ವಿನ ಹದಿನೆಂಟು ಕೃತಿಗಳು, ‘ಶಿಲಪ್ಪದಿಕಾರಂ’, ‘ಮಣಿಮೇಖಲೈ’, ‘ಇರೈಯನಾರ್ ಕಳವಿಯಲ್’ ಮತ್ತು ‘ಮುತ್ತೊಳ್ಳಾಯಿರಂ’ ಸೇರಿ ಈ ಸಂಖ್ಯೆ. ಇದು ಕಾಲಮಾನವನ್ನಷ್ಟೇ ಆಧರಿಸಿ ಸಿದ್ಧವಾದ ಪಟ್ಟಿಯಂತೆ ತೋರುತ್ತದೆ. ಆದರೆ ಒಂದೊಂದು ಕೃತಿಯನ್ನೂ ಎತ್ತಿ ನೋಡಿದಾಗ ಆ ಭರವಸೆ ಉಳಿಯುವುದಿಲ್ಲ.

‘ಮುತ್ತೊಳ್ಳಾಯಿರಂ’ ಇಡಿಯಾಗಿ ನಮಗೆ ದೊರೆತಿಲ್ಲ. ‘ಪುರತ್ತಿರಟ್ಟು’ ಎಂಬ ನಂತರದ ಸಂಕಲನವು ಎತ್ತಿಕೊಂಡ ನೂರಕ್ಕೆ ತುಸು ಮೀರಿದ ಪದ್ಯಗಳೇ ಅದರ ಉಳಿಕೆ. ಅದನ್ನು 600ರ ನಂತರಕ್ಕೆ ತರುವ ವಿದ್ವಾಂಸರಿದ್ದಾರೆ. ‘ಕೀಳ್‌ಕಣಕ್ಕು’ವಿನ ಹಲವು ಕೃತಿಗಳ ಕಾಲವೂ ಹಾಗೆಯೇ ವಿವಾದಾಸ್ಪದ. ಎಸ್. ವೈಯಾಪುರಿ ಪಿಳ್ಳೆ ಅವರು ಈ ಕೃತಿಗಳಿಗೆ ಸೂಚಿಸಿದ ತಡವಾದ ಕಾಲಗಳು ಎಬ್ಬಿಸಿದ ಚರ್ಚೆ ಇನ್ನೂ ಮುಗಿದಿಲ್ಲ. ಹದಿನೆಂಟನೆಯದು ಯಾವುದೆಂಬುದೇ ಒಂದು ಪ್ರಶ್ನೆಯಾಗಿತ್ತು. ಹೆಸರುಗಳನ್ನು ಪೋಣಿಸಿ ಹೇಳುವ ಹಳೆಯ ಪದ್ಯವೊಂದರ ಪಾಠವನ್ನು ಒಬ್ಬರು ‘ಇನ್ನಿಲೈ’ ಎಂದೂ ಇನ್ನೊಬ್ಬರು ‘ಕೈನ್ನಿಲೈ’ ಎಂದೂ ಬಿಡಿಸಿದರು; ಎರಡೂ ಹೆಸರಿನ ಕೃತಿಗಳು ಅಚ್ಚಾದವು. ಸಂಸ್ಥೆಯ ಪಟ್ಟಿಯಲ್ಲಿರುವುದು ‘ಕೈನ್ನಿಲೈ’. ಈ ಆಯ್ಕೆ ಸರಿಯೆಂದೇ ನಾವೂ ಭಾವಿಸುತ್ತೇವೆ. ಆದರೂ ಅದು ಪಾಠನಿರ್ಣಯದ ಫಲ. ವರ್ಷಗಳ ಲೆಕ್ಕದಿಂದ ಬಂದುದಲ್ಲ.

ಇದಕ್ಕಿಂತ ಗಂಭೀರವಾದ ಪ್ರಕರಣ ‘ತಿರುಮುರುಗಾಟ್ರುಪ್ಪಡೈ’ಯದು. ಮುರುಗನನ್ನು ಕುರಿತ ಈ ಕವಿತೆ ‘ಪತ್ತುಪ್ಪಾಟ್ಟು’ವಿನಲ್ಲಿ ಮೊದಲನೆಯದು, ಶೈವರ ಹನ್ನೊಂದನೆಯ ‘ತಿರುಮುರೈ’ಯಲ್ಲಿಯೂ ಅದಕ್ಕೆ ಸ್ಥಾನವಿದೆ. ಅದೇ ಹನ್ನೊಂದನೆಯ ‘ತಿರುಮುರೈ’ಯಲ್ಲಿ ಕಾರೈಕ್ಕಾಲ್ ಅಮ್ಮೈಯಾರ್ ರಚನೆಗಳೂ ಇವೆ. ಆಕೆಯನ್ನು ಸಾಮಾನ್ಯವಾಗಿ ಆರನೆಯ ಶತಮಾನಕ್ಕೆ ಸೇರಿಸುತ್ತಾರೆ. ಕಾಲವೊಂದೇ ಅಳತೆಗೋಲಾಗಿದ್ದರೆ ಅಮ್ಮೈಯಾರ್ ಪಟ್ಟಿಯ ಹೊಸ್ತಿಲಲ್ಲಾದರೂ ನಿಲ್ಲಬೇಕಿತ್ತು. ಒಂದೇ ಸಂಪುಟದ ಒಂದು ಕೃತಿ ಶಾಸ್ತ್ರೀಯವಾಗಿ, ಇನ್ನೊಂದು ಭಕ್ತಿಸಾಹಿತ್ಯವಾಗಿ ಬೇರೆಯಾದುದಕ್ಕೆ ಕಾರಣ ಪ್ರಕಾರದ ಕಲ್ಪನೆ. ‘ಸಂಗಂ’ ಮತ್ತು ‘ಸಂಗಂ ನಂತರದ’ ಎಂಬ ಸಾಹಿತ್ಯಚರಿತ್ರೆಯ ವಿಭಾಗಗಳು ಮೊದಲೇ ಸಿದ್ಧವಾಗಿದ್ದವು. 600 ಎಂಬ ಸಂಖ್ಯೆ ಅವುಗಳ ಮೇಲೆ ಬಿದ್ದ ಮೊಹರು. ಐತಿಹಾಸಿಕ ವ್ಯಾಕರಣವನ್ನು ಬರೆಯುವವನಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಹಳೆಯ ತಮಿಳು ನಡುಗಾಲದ ತಮಿಳಾಗಿ ಮಾರ್ಪಡುವ ಘಟ್ಟದ ಸಾಕ್ಷ್ಯ ದೊರೆಯುವುದು ಈ ಸಂಧಿಕಾಲದ ರಚನೆಗಳಲ್ಲಿಯೇ.

ಪಟ್ಟಿಯ ಒಳಗಿನ ಕೃತಿಗಳಿಗೆ ಸಂಸ್ಥೆಯು ನಿಗದಿಪಡಿಸಿಕೊಂಡ ಗುರಿ ‘ಸೆಮ್ಪದಿಪ್ಪು’, ಅಂದರೆ ಪರಿಷ್ಕೃತ ಪ್ರಾಮಾಣಿಕ ಆವೃತ್ತಿ. ಸ್ವಾಮಿನಾಥ ಅಯ್ಯರ್ ಅವರ ಆವೃತ್ತಿಗಳು ಒಂದು ಶತಮಾನದಿಂದ ಪ್ರಮಾಣವಾಗಿ ನಿಂತಿವೆ. ಅವುಗಳನ್ನು ಮತ್ತೆ ಓಲೆಗಳೊಡನೆ ಹೋಲಿಸಿ ನೋಡುವುದು ಶ್ರಮದ ಹಾಗೂ ತಾಳ್ಮೆಯ ಕೆಲಸ. ಪಾಂಡಿಚೇರಿಯ ಫ್ರೆಂಚ್ ಅಧ್ಯಯನ ಕೇಂದ್ರದಿಂದ ಏವಾ ವಿಲ್ಡನ್ ಅವರು ಹೊರತಂದ ‘ನಟ್ರಿಣೈ’ ಮತ್ತು ‘ಕುರುಂದೊಗೈ’ಗಳು ಈ ಕೆಲಸ ಹೇಗೆ ನಡೆಯಬಹುದೆಂಬುದನ್ನು ತೋರಿಸಿವೆ. ಪ್ರಶಸ್ತಿಗಳಿಗಿಂತಲೂ ಸಮ್ಮೇಳನಗಳಿಗಿಂತಲೂ ಇಂಥ ಆವೃತ್ತಿಗಳಿಂದಲೇ ಸಂಸ್ಥೆಯನ್ನು ಅಳೆಯಬೇಕಾಗುತ್ತದೆ.

ಕನ್ನಡ ಮತ್ತು ತೆಲುಗುಗಳು 2008ರ ಅಕ್ಟೋಬರ್ 31ರಂದು ಇದೇ ವರ್ಗಕ್ಕೆ ಸೇರಿದವು. ಅದನ್ನು ಪ್ರಶ್ನಿಸಿದ ಅರ್ಜಿಯು ಮದರಾಸು ಉಚ್ಚ ನ್ಯಾಯಾಲಯದಲ್ಲಿ ವಜಾ ಆದುದು 2016ರಲ್ಲಿ. ನಮ್ಮವರು ಈ ವರ್ಗವನ್ನು ‘ಶಾಸ್ತ್ರೀಯ’ವೆನ್ನಬೇಕೇ, ‘ಅಭಿಜಾತ’ವೆನ್ನಬೇಕೇ ಎಂದು ಇನ್ನೂ ತೀರ್ಮಾನಿಸಿಲ್ಲ. ತಮಿಳರಿಗೆ ‘ಸೆಮ್ಮೊಳಿ’ ಎಂಬ ಅಚ್ಚ ಶಬ್ದ ಸುಲಭವಾಗಿ ಒದಗಿತು. ಅದರ ಪೂರ್ವಪದಕ್ಕೆ ತಮಿಳಿನಲ್ಲಿ ಕೆಂಪು, ನೇರ, ಒಳ್ಳೆಯದು ಎಂಬ ಅರ್ಥಗಳಿವೆ. ತಾಲವ್ಯೀಕರಣಕ್ಕೆ ಒಳಗಾಗದ ಅದರ ಜ್ಞಾತಿರೂಪ ಕನ್ನಡದ ‘ಕೆಂ’ನಲ್ಲಿದೆ, ಆದರೆ ಕೆಂಪಿನ ಅರ್ಥದಲ್ಲಿ ಮಾತ್ರ.

ತಮಿಳಿನ ಎಲ್ಲೆಯನ್ನು ಕನ್ನಡಕ್ಕೆ ಎರವಲು ತರುವಂತಿಲ್ಲ. ಉಪಲಬ್ಧ ಕೃತಿಗಳಲ್ಲಿ ನಮಗೆ ಮೊದಲನೆಯದಾದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದ್ದು. 1500 ವರ್ಷಗಳ ಷರತ್ತನ್ನು ಪೂರೈಸುವ ಹೊಣೆ ಹಲ್ಮಿಡಿಯಂಥ ಶಾಸನಗಳ ಮೇಲೆ ಬೀಳುತ್ತದೆ. ಹೀಗಾಗಿ 2011ರಲ್ಲಿ ಮೈಸೂರಿನಲ್ಲಿ ಆರಂಭವಾದ ಶಾಸ್ತ್ರೀಯ ಕನ್ನಡ ಕೇಂದ್ರಕ್ಕೆ ಚೆನ್ನೈ ಮಾದರಿಯಲ್ಲಿ ಕೃತಿಪಟ್ಟಿಯಿಂದ ಹೊರಡುವ ಅವಕಾಶವೇ ಇರಲಿಲ್ಲ. ಚೆನ್ನೈ ಸಂಸ್ಥೆಯು 2021ರ ಡಿಸೆಂಬರ್‌ನಲ್ಲಿ ಶಾಸ್ತ್ರೀಯ ತಮಿಳಿನ ಒಂಬತ್ತು ಗ್ರಂಥಗಳನ್ನು ಕನ್ನಡದಲ್ಲಿ ಹೊರತಂದುದು ಸ್ವಾಗತಾರ್ಹ. ಆದರೆ ಎರಡು ಭಾಷೆಗಳ ಪ್ರಾಚೀನ ಸಂಬಂಧದ ಗಟ್ಟಿಯಾದ ಕುರುಹುಗಳು ದೊರೆಯುವುದು ಆ 41 ಕೃತಿಗಳ ಆಚೆಗೂ ನೋಡಿದಾಗ.

‘ಅಗನಾನೂರು’ ಹೆಸರಿಸುವ ಎರುಮೈಯೂರನ್ನು ಮೈಸೂರೆಂದು ಗುರುತಿಸುವುದು ವಾಡಿಕೆ. ಪುದುಕ್ಕೋಟ್ಟೈ ಬಳಿಯ ಸಿತ್ತನ್ನವಾಸಲ್ ಗುಹೆಯ ತಮಿಳು ಬ್ರಾಹ್ಮಿ ಶಾಸನದಲ್ಲಿ ಐರಾವತಂ ಮಹಾದೇವನ್ ಅವರು ‘ಎರುಮಿ ನಾಡು’ ಎಂಬ ಪಾಠವನ್ನು ಓದಿದರು. ಅಲ್ಲಿ ಹುಟ್ಟಿದ ‘ಕವುಡಿ’ಯೊಬ್ಬನಿಗಾಗಿ ಮಾಡಿಸಿದ ಅಧಿಷ್ಠಾನದ ದಾಖಲೆ ಅದು. ಈ ಗುಹಾಶಾಸನಗಳ ಭಾಷೆಯಲ್ಲಿ ಹಳೆಯ ಕನ್ನಡದ ಪ್ರಭಾವವಿದೆಯೆಂದು ಅವರು 2003ರ ತಮ್ಮ ಶಾಸನ ಸಂಪುಟದಲ್ಲಿ ವಾದಿಸಿದ್ದಾರೆ. ಒಪ್ಪುವುದೋ ಬಿಡುವುದೋ, ವಾದವನ್ನು ಪರೀಕ್ಷಿಸಬೇಕಾದವರು ತಮಿಳಿನ ಐತಿಹಾಸಿಕ ವ್ಯಾಕರಣಕಾರರೂ ಕನ್ನಡದ ಐತಿಹಾಸಿಕ ವ್ಯಾಕರಣಕಾರರೂ ಒಟ್ಟಾಗಿ. 2024ರಲ್ಲಿ ಪರಿಷ್ಕೃತವಾದ ಮಾನದಂಡಗಳು ಸ್ವಂತಿಕೆಯ ಷರತ್ತನ್ನು ಕೈಬಿಟ್ಟು, ಗದ್ಯಕ್ಕೂ ಶಾಸನಸಾಕ್ಷ್ಯಕ್ಕೂ ಸ್ಪಷ್ಟವಾಗಿ ಜಾಗ ಕೊಟ್ಟಿವೆ. ಮಾನದಂಡ ಬದಲಾದ ಮಾತ್ರಕ್ಕೆ ಕೃತಿಪಟ್ಟಿ ತಾನಾಗಿ ಬದಲಾಗುವುದಿಲ್ಲ. ಸಿತ್ತನ್ನವಾಸಲ್ ಶಾಸನದಂಥ ಸಾಕ್ಷ್ಯಕ್ಕೆ ಚೆನ್ನೈ ಮತ್ತು ಮೈಸೂರುಗಳಲ್ಲಿ ಯಾವ ಸಂಸ್ಥೆ ಹೊಣೆ ಹೊರಬೇಕೆಂಬುದನ್ನು ಈ ಎರಡೂ ಕಡೆಯ ವಿದ್ವತ್ ಸಮಿತಿಗಳೇ ಕುಳಿತು ನಿರ್ಧರಿಸಬೇಕಾಗಿದೆ.