ತಾತನ ಸೈಕಲ್‌ಗೆ ಬೀಗ ಹಾಕೋ ಮುಂಚೆ ಇದನ್ನ ಓದಿ

1/5
ನಮ್ಮ ಕ್ಲಾಸಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆಯವರಿದ್ದೀರಿ. ನಿಮ್ಮೆಲ್ಲರ ಮನೇಲೂ ಒಂದು ಹಳೇ ಸೈಕಲ್ ಕಥೆ ಇದ್ದೇ ಇರುತ್ತೆ. ನಮ್ಮನೇದು ಹೇಳ್ತೀನಿ.

ನಮ್ಮ ತಾತ ಒಂದು ಕಾಲದಲ್ಲಿ ರೇಷ್ಮೆ ಗೂಡಿನ ಮೂಟೆ ಕ್ಯಾರಿಯರ್‌ಗೆ ಕಟ್ಟಿಕೊಂಡು ಶ್ರೀನಿವಾಸಪುರದ ಕಡೆಯಿಂದ ಕೋಲಾರಕ್ಕೆ ಸೈಕಲ್ ತುಳಿದವರು. ಈಗ ಅವರಿಗೆ 73. ಹೋದ ಆಷಾಢದಲ್ಲಿ "ಮುಳಬಾಗಿಲು ಆಂಜನೇಯನ್ನ ಸೈಕಲ್ಲಲ್ಲೇ ಹೋಗಿ ನೋಡ್ಕೊಂಡು ಬರ್ತೀನಿ" ಅಂದ್ರು. ಅಪ್ಪ ಸೈಕಲ್‌ಗೆ ಬೀಗ ಹಾಕಿ ಕೀ ನನ್ನ ಕೈಗೆ ಕೊಟ್ರು. ಆಷಾಢದ ಗಾಳಿ ಗೊತ್ತಲ್ಲ, ಎದುರಿಗೆ ಬಂದ್ರೆ ಇಳಿಜಾರಲ್ಲೂ ತುಳೀಬೇಕು. ಅಪ್ಪ ಮಾಡಿದ್ದೇ ಸರಿ ಅನ್ನಿಸ್ತು. ತಾತ ಎರಡು ದಿನ ಯಾರ ಹತ್ರನೂ ಸರಿಯಾಗಿ ಮಾತಾಡ್ಲಿಲ್ಲ. ಆಗ ನಾನು ಓದೋಕೆ ಶುರು ಮಾಡಿದೆ.

2/5
ಕಿರಣ್ ಸೇಠ್ ಹೆಸರು ಕೇಳಿದ್ದೀರಾ? ಐಐಟಿ ದೆಹಲಿಯಲ್ಲಿ ಪ್ರೊಫೆಸರ್ ಆಗಿದ್ದವರು. ಕಾಲೇಜು ಹುಡುಗರಿಗೆ ಶಾಸ್ತ್ರೀಯ ಸಂಗೀತ ಕೇಳಿಸಬೇಕು ಅಂತ 1977ರಲ್ಲಿ 'ಸ್ಪಿಕ್ ಮೆಕೆ' ಕಟ್ಟಿದವರು. 2009ರಲ್ಲಿ ಪದ್ಮಶ್ರೀ ಬಂತು. 2022ರ ಆಗಸ್ಟ್ 15ಕ್ಕೆ ಶ್ರೀನಗರದಿಂದ ಕನ್ಯಾಕುಮಾರಿಗೆ ಸೈಕಲ್ ಹತ್ತಿದರು. ಆಗ ಅವರ ವಯಸ್ಸು 73, ಅಂದ್ರೆ ನಮ್ಮ ತಾತನ ವಯಸ್ಸೇ!

ನೇರವಾಗಿ ಹೈವೇ 44ರಲ್ಲೇ ಹೋದ್ರೂ ಅದು 3,700 ಕಿ.ಮೀ.ಗಿಂತ ಜಾಸ್ತಿ. ಈ ಹೈವೇ ನಮಗೆ ದೂರದ್ದೇನಲ್ಲ. ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೇ ಹೋಗುತ್ತೆ, 2007ರವರೆಗೆ ಅದೆಲ್ಲಾ ನಮ್ಮ ಕೋಲಾರ ಜಿಲ್ಲೆನೇ. ಆಗಸ್ಟ್ ಅಂದ್ರೆ ಮುಂಗಾರಿನ ನಡುಮಧ್ಯ. ಅದು ಮುಗಿಯೋ ಹೊತ್ತಿಗೆ ತಮಿಳುನಾಡಲ್ಲಿ ಹಿಂಗಾರು ಶುರು. ಮಳೆ ನಿಲ್ಲಲಿ ಅಂತ ಕಾಯ್ತಾ ಕೂತಿದ್ರೆ ಹೊರಡೋಕೇ ಆಗ್ತಿರಲಿಲ್ಲ.

3/5
ಇನ್ನೊಬ್ಬರು ಫ್ರಾನ್ಸಿನ ರಾಬರ್ಟ್ ಮಾರ್ಷಾಂ. ಹುಟ್ಟಿದ್ದು 1911ರಲ್ಲಿ. ಪ್ಯಾರಿಸ್‌ನಲ್ಲಿ ಅಗ್ನಿಶಾಮಕ ದಳದಲ್ಲಿದ್ದರು, ವೆನಿಜುವೆಲಾದಲ್ಲಿ ಲಾರಿ ಓಡಿಸಿದರು, ಕೆನಡಾದಲ್ಲಿ ಮರ ಕಡಿದರು. ಹೊಟ್ಟೆಪಾಡಿನ ಓಡಾಟದಲ್ಲಿ ಸೈಕಲ್ ಎಷ್ಟೋ ವರ್ಷ ಮೂಲೆ ಸೇರಿತ್ತು. ಮತ್ತೆ ಹಿಡಿದಿದ್ದು 70ರ ಹತ್ತಿರ ಬಂದಾಗ. 80 ದಾಟಿದ ಮೇಲೆ, 1992ರಲ್ಲಿ, ಪ್ಯಾರಿಸ್‌ನಿಂದ ಮಾಸ್ಕೋಗೆ ಸೈಕಲ್‌ನಲ್ಲಿ ಹೋದರು!

2012ರಲ್ಲಿ, 100ನೇ ವಯಸ್ಸಲ್ಲಿ, ಒಂದು ಗಂಟೆಗೆ 24.25 ಕಿ.ಮೀ. 2014ರಲ್ಲಿ, 102ನೇ ವಯಸ್ಸಲ್ಲಿ, 26.927 ಕಿ.ಮೀ. ಮತ್ತೊಮ್ಮೆ ಓದಿ: ವಯಸ್ಸು ಜಾಸ್ತಿ ಆಯ್ತು, ದೂರನೂ ಜಾಸ್ತಿ ಆಯ್ತು. 2021ರಲ್ಲಿ, 109ನೇ ವಯಸ್ಸಲ್ಲಿ ತೀರಿಕೊಂಡರು.

4/5
ಹೇಗೆ ಸಾಧ್ಯ? ವೆರೋನಿಕ್ ಬಿಲಾ ಅನ್ನೋ ವಿಜ್ಞಾನಿ ಅವರ ಜೊತೆ ಎರಡು ವರ್ಷ ಕೆಲಸ ಮಾಡಿದರು. ವರ್ಷಕ್ಕೆ ಸುಮಾರು 5,000 ಕಿ.ಮೀ. ಸೈಕಲ್, ಅದರಲ್ಲಿ ನೂರಕ್ಕೆ 80 ಭಾಗ ನಿಧಾನ, 20 ಭಾಗ ಮಾತ್ರ ಜೋರು. ಮೈ ಆಮ್ಲಜನಕ ಬಳಸೋ ಶಕ್ತಿ 31ರಿಂದ 35ಕ್ಕೆ ಏರಿತು. ಅಂದ್ರೆ ಸುಮಾರು 13 ಪರ್ಸೆಂಟ್, ಅದೂ ನೂರು ದಾಟಿದ ಮೇಲೆ.

ಇದನ್ನ ನೋಡಿ "ಎಲ್ಲಾ ತಾತಂದಿರೂ ಹೈವೇಗೆ ಇಳೀರಿ" ಅಂತ ನಾನು ಹೇಳಲ್ಲ. ಇದು ಒಬ್ಬ ಮನುಷ್ಯನ ಲೆಕ್ಕ ಅಷ್ಟೆ. ಆದ್ರೆ ಆ 80 ಭಾಗ ನಿಧಾನ ಅನ್ನೋದನ್ನ ಮಾತ್ರ ಗಮನಿಸಿ. ಅಪ್ಪನ ಭಯ ಸುಳ್ಳಲ್ಲ: ಲಾರಿಗಳಿವೆ, ಗಾಳಿ ಇದೆ, ಬಿಸಿಲಿದೆ. ತಪ್ಪಿದ್ದು ಎಲ್ಲಿ ಅಂದ್ರೆ, ನಾವು ದಾರಿ ಬದಲಾಯಿಸೋದು ಬಿಟ್ಟು ತಾತನ್ನೇ ನಿಲ್ಲಿಸಿಬಿಟ್ವಿ.

5/5
2006-07ರಲ್ಲಿ ಶುರುವಾದ ಸ್ಕೀಮಲ್ಲಿ ನಮಗೆಲ್ಲಾ ಎಂಟನೇ ಕ್ಲಾಸಿಗೆ ಸರ್ಕಾರ ಸೈಕಲ್ ಕೊಟ್ಟಿತ್ತಲ್ಲ, ನಂದು ಹಿತ್ತಲಲ್ಲಿ ತುಕ್ಕು ಹಿಡೀತಿತ್ತು. ಟ್ಯೂಬ್ ಹಾಕಿಸಿದೆ. ಡಾಕ್ಟರ್ ಹತ್ರ ತಾತನ ಬಿಪಿ ತೋರಿಸ್ಕೊಂಡು ಬಂದ್ವಿ. ಆಮೇಲೆ ಅಪ್ಪನ ಮುಂದೆನೇ ಕೀ ತಾತಂಗೆ ಕೊಟ್ಟೆ. ಅಪ್ಪ ಏನೂ ಅನ್ಲಿಲ್ಲ, ಎದ್ದು ಹೋಗಿ ಚೈನ್‌ಗೆ ಎಣ್ಣೆ ಬಿಟ್ರು.

ಈಗ ಬೆಳಗ್ಗೆ ಆರಕ್ಕೆ ಮಾವಿನ ತೋಪಿನ ಹಳ್ಳಿ ರಸ್ತೆ, ದಿನಾ ಸ್ವಲ್ಪ ಸ್ವಲ್ಪ. ಹೈವೇ ಇಲ್ಲ. ಮುಳಬಾಗಿಲು ಇನ್ನೂ ಮುಟ್ಟಿಲ್ಲ. ಏರು ಬಂದ್ರೆ ಮೊದಲು ಇಳಿಯೋದು ನಾನೇ, ನಗಬೇಡಿ.

ಇವತ್ತು ನಿಮ್ಮ ತಾತನ್ನೋ ಅಜ್ಜಿನ್ನೋ ಕೇಳಿ: "ಸೈಕಲ್ಲಲ್ಲಿ ಎಷ್ಟು ದೂರ ಹೋಗಿದ್ರಿ?" ಉತ್ತರ ಕಾಮೆಂಟಲ್ಲಿ ಬರೀರಿ.

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ತಾತನಸೈಕಲ್